ಕಾಣದ ಮೇಸ್ತ್ರಿ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂದು ನಮ್ಮ ಹಿರಿಯರು ನಂಬಿದ್ದರು. ಗುರುವನ್ನು ದೂರದಲ್ಲಿಟ್ಟು, ಮಣ್ಣಿನ ಮೂರ್ತಿಯೊಂದನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆಯನ್ನು ಕಲಿತ ಏಕಲವ್ಯನು ಆ ಕಾರಣದಿಂದಲೇ ಪುರಾಣದ ಒಂದು ವಿಸ್ಮಯವಾದನು. ಇಂದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಎಷ್ಟೋ ಮನೆಗಳಲ್ಲಿ, ಅಂತಹ ಏಕಲವ್ಯರು ಕುಳಿತಿದ್ದಾರೆ. ಮೂರ್ತಿಯ ಸ್ಥಾನದಲ್ಲಿ ಲ್ಯಾಪ್‌ಟಾಪಿದೆ. ಅವರ ಅಭ್ಯಾಸಕ್ಕೆ ರಿಮೋಟ್ ಇಂಟರ್ನ್‌ಶಿಪ್ ಎಂದು ಹೆಸರು. ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಅದರ ಮೆಟ್ಟಿಲನ್ನು ತುಳಿಯದೆ, ಮನೆಯಲ್ಲಿಯೇ ಕುಳಿತು ಕೆಲವು ವಾರಗಳ ಕಾಲ ಕಲಿಯುವುದೆಂದು ಅದರ ಅರ್ಥ.

ದೂರದವರಿಗಾಗಿ ಕೆಲಸ ಮಾಡುವುದು ಈ ನಗರಕ್ಕೆ ಹೊಸತೇನೂ ಅಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಇಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಕಡಲಾಚೆಗೆ ಮುಟ್ಟಿಸುವ ಏರ್ಪಾಡನ್ನು ಮಾಡಿತು. ಆದರೆ ಅಂದು ದೂರವಿದ್ದುದು ಕಚೇರಿಗೂ ಕಚೇರಿಗೂ ನಡುವೆ. ಕಲಿಯುವವನ ಕುರ್ಚಿಯು ಬಲ್ಲವನ ಕುರ್ಚಿಯ ಪಕ್ಕದಲ್ಲಿಯೇ ಇತ್ತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇಶವೆಲ್ಲವೂ ಬಾಗಿಲು ಮುಚ್ಚಿದಾಗ ಆ ಕುರ್ಚಿಯೂ ಮನೆಗೆ ಬಂದಿತು. ವ್ಯಾಧಿಯು ಇಳಿದ ಮೇಲೆ ಅನೇಕ ಕಂಪನಿಗಳು ತಮ್ಮ ನೌಕರರನ್ನು ಹಿಂದಕ್ಕೆ ಕರೆದುಕೊಂಡರೂ, ಮನೆಯಿಂದ ಕಲಿಯುವ ಪದ್ಧತಿಯು ಪೂರ್ಣವಾಗಿ ಮರೆಯಾಗಲಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಎಂಜಿನಿಯರಿಂಗ್ ಪದವಿಗೆ ಇಂಟರ್ನ್‌ಶಿಪ್ಪನ್ನು ಕಡ್ಡಾಯವಾಗಿಸಿರುವುದರಿಂದ, ವಿದ್ಯಾರ್ಥಿಗಳು ಹೇಗಾದರೂ ಒಂದನ್ನು ಹುಡುಕಿಕೊಳ್ಳಲೇಬೇಕಾಗಿದೆ.

ಪಶ್ಚಿಮ ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲವೂ ಉಂಟು. ಕಂಪನಿಗಳಲ್ಲಿ ಬಹುಪಾಲು ನಗರದ ಪೂರ್ವಕ್ಕೂ ಆಗ್ನೇಯಕ್ಕೂ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆಗೆ ನೆಲೆಸಿವೆ. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಸುಮಾರು 43 ಕಿಲೋಮೀಟರಿನ ನೇರಳೆ ಮಾರ್ಗವು ತಡೆಯಿಲ್ಲದೆ ಕೂಡಿಕೊಂಡಿತು. ಆದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರುವುದರಲ್ಲಿ ದಿನದ ಮೂರು ಗಂಟೆಗಳಿಗೆ ಸಮೀಪ ಕಳೆದುಹೋಗುತ್ತವೆ. ಮನೆಯಲ್ಲಿ ಕುಳಿತವರಿಗೆ ಆ ಮೂರು ಗಂಟೆ ಉಳಿಯಿತು. ಆ ಉಳಿತಾಯಕ್ಕೆ ಅವರು ತೆರುವ ಬೆಲೆಯೇನೆಂಬುದು ಮಾತ್ರ ಮೊದಲ ದಿನವೇ ತಿಳಿಯುವುದಿಲ್ಲ.

ವಿಜಯನಗರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಂತಹ ಮನೆಗಳು ಆ ಬಡಾವಣೆಯಲ್ಲಿ ಒಂದಲ್ಲ, ನೂರಾರು. ತಾತನವರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೇತ್ ಯಂತ್ರವನ್ನು ನಡೆಸಿದವರು. ಮೊಮ್ಮಗಳು ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಹತ್ತು ವಾರಗಳ ಇಂಟರ್ನ್‌ಶಿಪ್. ಕೆಲಸ ಚೆನ್ನಾಗಿ ಕಂಡರೆ ಕಂಪನಿಯು ಖಾಯಂ ಉದ್ಯೋಗವನ್ನು ಕೊಟ್ಟರೂ ಕೊಡಬಹುದೆಂಬ ಆಸೆ. ಲ್ಯಾಪ್‌ಟಾಪು ಕೊರಿಯರಿನಲ್ಲಿ ಬಂದ ದಿನ ಅಜ್ಜಿ ಅದಕ್ಕೆ ಅರಿಶಿನ ಕುಂಕುಮವನ್ನಿಟ್ಟರು. ತಾತನವರು ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆಯನ್ನು ಕೇಳಿದರು: “ನಿನ್ನ ಕೈ ಕಾಣದೆ ಅವರು ಕೆಲಸ ಹೇಗೆ ಕಲಿಸ್ತಾರಮ್ಮ?”

ಮೊಮ್ಮಗಳು ನಕ್ಕು ಸುಮ್ಮನಾದಳು. ಆದರೆ ಪ್ರಶ್ನೆಯು ನಗುವಂಥದಾಗಿರಲಿಲ್ಲ.

ಲೇತ್ ಕಲಿಯುವ ಹುಡುಗನ ಹಿಂದೆ ಮೇಸ್ತ್ರಿ ನಿಂತಿರುತ್ತಾನೆ. ಹುಡುಗನು ಬಾಯಿ ಬಿಡಬೇಕಾಗಿಲ್ಲ. ಕಬ್ಬಿಣವನ್ನು ಕೊರೆಯುವ ಸದ್ದು ಕರ್ಕಶವಾದೊಡನೆಯೇ ತಪ್ಪೆಲ್ಲಿದೆಯೆಂದು ಮೇಸ್ತ್ರಿಯ ಕಿವಿಗೆ ತಿಳಿಯುತ್ತದೆ. ಒಂದು ಬೈಗುಳ, ಕೈಮೇಲೊಂದು ಕೈ, ಅಷ್ಟರಲ್ಲಿ ಪಾಠ ಮುಗಿಯಿತು. ಮಾಡುವವರನ್ನು ಕಂಡು ಕಲಿಯುವುದನ್ನು ವಿದ್ಯೆಯ ದಾರಿಗಳಲ್ಲಿ ಒಂದಾಗಿ ಸೋಮೇಶ್ವರ ಶತಕವೂ ಎಣಿಸಿದೆ. ಮನೆಯಲ್ಲಿ ಕುಳಿತ ಹುಡುಗಿಗೆ ಆ ದಾರಿಯು ಮುಚ್ಚಿದಂತೆ ತೋರಿತು. ಆಕೆಗೆ ಒಪ್ಪಿಸಿದ ಕೆಲಸ ಚಿಕ್ಕದು: ಲಕ್ಷಾಂತರ ಸಾಲುಗಳ ಪ್ರೋಗ್ರಾಮಿನಲ್ಲಿ ಎಲ್ಲಿಯೋ ಅಡಗಿದ್ದ ಒಂದು ದೋಷವನ್ನು ಹುಡುಕಿ ತಿದ್ದುವುದು. ಕಾಲೇಜಿನಲ್ಲಿ ಅವಳು ಬರೆದ ಪ್ರೋಗ್ರಾಮುಗಳೆಲ್ಲ ಅವಳೇ ಕಟ್ಟಿದ ಪುಟ್ಟ ಗುಡಿಸಿಲುಗಳು. ಇದು ಯಾರೋ ಕಟ್ಟಿದ, ಹತ್ತಾರು ಜನ ಗೋಡೆ ಬದಲಾಯಿಸಿದ, ನಕ್ಷೆಯಿಲ್ಲದ ಅರಮನೆ. ಮೊದಲ ದಿನ ದಾರಿ ಸಿಕ್ಕಲಿಲ್ಲ. ಎರಡನೆಯ ದಿನವೂ ಸಿಕ್ಕಲಿಲ್ಲ.

ಕೇಳಬಹುದಾಗಿತ್ತು, ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಎದುರು ಪ್ರಶ್ನೆ ಹಾಕದಿರುವುದನ್ನು ವಿನಯವೆಂದು ಮಕ್ಕಳಿಗೆ ಕಲಿಸುತ್ತೇವೆ. ಶಾಲೆಯಲ್ಲಿಯೂ ಪ್ರಶ್ನೆ ಕೇಳುವವನು ಒಂದೋ ಅಧಿಕಪ್ರಸಂಗಿ, ಇಲ್ಲವೇ ದಡ್ಡ. ಇದರ ಮೇಲೆ ಇಂಗ್ಲಿಷಿನ ಅಂಜಿಕೆ ಬೇರೆ: ಬರೆದ ವಾಕ್ಯದಲ್ಲಿ ತಪ್ಪಿದ್ದರೆ, ಹತ್ತು ಜನ ಅದನ್ನು ಓದಿ ನಕ್ಕರೆ? ಬೆಳಗಿನ ವಿಡಿಯೋ ಸಭೆಯಲ್ಲಿ “ಕೆಲಸ ನಡೆಯುತ್ತಿದೆ” ಎಂಬ ಎರಡು ಮಾತುಗಳಲ್ಲಿ ತನ್ನ ಸರದಿಯನ್ನು ಮುಗಿಸಿದಳು. ಹೊರಗಡೆ ಅಜ್ಜಿಗೆ ಮನೆಯಲ್ಲಿರುವವಳು ಕೆಲಸದಲ್ಲಿದ್ದಾಳೆಂಬ ನಂಬಿಕೆ ಇನ್ನೂ ಬಂದಿರಲಿಲ್ಲ. “ಪುಟ್ಟಿ, ಹಾಲು ಉಕ್ಕುತ್ತೆ ನೋಡೇ” ಎಂದು ಕೂಗುತ್ತಿದ್ದರು. ಮೂರು ದಿನಗಳು ಹೀಗೆ ಹೋದವು. ಹತ್ತು ವಾರವೆಂದರೆ ಕೆಲಸದ ದಿನಗಳು ಐವತ್ತು. ಅದರಲ್ಲಿ ಮೂರು ಮೌನಕ್ಕೆ ಬಲಿಯಾದವು.

ಮೂರನೆಯ ವಾರದ ಕೊನೆಯಲ್ಲಿ, ಅವಳಿಗೆ ಮಾರ್ಗದರ್ಶಿಯಾಗಿದ್ದ ಎಂಜಿನಿಯರು ಕಡಲಾಚೆಯಿಂದ ಒಂದು ಅಭಿಪ್ರಾಯವನ್ನು ಬರೆದು ಕಳುಹಿಸಿದರು. ಕೆಲಸದಲ್ಲಿ ಜಾಣತನವಿದೆ; ಆದರೆ ನೀವು ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂಬುದು ನಮಗೆ ತಿಳಿಯುವುದೇ ಇಲ್ಲವೆಂಬುದು ಅದರ ಸಾರ. ಹುಡುಗಿಯ ಕಣ್ಣಲ್ಲಿ ನೀರು ಬಂದಿತು. ತಾತನವರು ವಿಷಯವನ್ನು ಕೇಳಿ ತಿಳಿದುಕೊಂಡು, “ಟೂಲ್ ಮುರಿದರೆ ಬೈಸಿಕೊಂಡು ಹೊಸದು ತಗೋಬಹುದು. ಮುರಿದದ್ದನ್ನ ಜೇಬಲ್ಲಿಟ್ಟುಕೊಂಡು ನಿಂತ ಹುಡುಗನಿಗೆ ಯಾವ ಮೇಸ್ತ್ರಿಯೂ ಕೆಲಸ ಕಲಿಸೋಕಾಗಲ್ಲ” ಎಂದರು.

ಅಂದಿನಿಂದ ಅವಳು ಕೇಳಲಾರಂಭಿಸಿದಳು. ಕೇಳುವುದೂ ಒಂದು ವಿದ್ಯೆಯೆಂಬುದು ಆಗ ತಿಳಿಯಿತು. ಅಮೆರಿಕದ ಪಶ್ಚಿಮ ಕರಾವಳಿಗೂ ಬೆಂಗಳೂರಿಗೂ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರ. ಇಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ಬೆಳಗಿನ ಒಂಬತ್ತು. “ನನ್ನ ಪ್ರೋಗ್ರಾಮು ನಡೆಯುತ್ತಿಲ್ಲ, ಏನು ಮಾಡಲಿ?” ಎಂದು ಬರೆದು ಮಲಗಿದರೆ, ಬೆಳಗ್ಗೆ ಎದ್ದಾಗ ಕಾದಿರುವ ಉತ್ತರ “ಯಾವ ದೋಷ ತೋರಿಸುತ್ತಿದೆ?” ಎಂಬ ಇನ್ನೊಂದು ಪ್ರಶ್ನೆ. ಅದಕ್ಕೆ ಉತ್ತರ ಬರೆದು ಮತ್ತೊಂದು ರಾತ್ರಿ ಕಾಯಬೇಕು. ಅಸ್ಪಷ್ಟವಾದ ಒಂದು ವಾಕ್ಯಕ್ಕೆ ಒಂದು ದಿನದ ದಂಡ. ಅದೇ ಪ್ರಶ್ನೆಯಲ್ಲಿ, ತಾನು ಮಾಡಹೊರಟದ್ದೇನು, ಆಗಬೇಕಾಗಿದ್ದುದೇನು, ಆದದ್ದೇನು, ತಾನಾಗಿ ಪ್ರಯತ್ನಿಸಿ ನೋಡಿದ್ದೇನು, ಈ ನಾಲ್ಕನ್ನೂ ಬರೆದು ಮಲಗಿದರೆ, ಬೆಳಗಿನ ಕಾಫಿಯ ಹೊತ್ತಿಗೆ ದಾರಿ ಸಿದ್ಧವಾಗಿರುತ್ತದೆ. ಕಾಲದ ಅಂತರವೇ ಆಗ ಆಳಾಗಿ ದುಡಿಯುತ್ತದೆ. ಎಷ್ಟೋ ಸಲ ಈ ನಾಲ್ಕನ್ನು ಕ್ರಮವಾಗಿ ಬರೆಯುತ್ತಿರುವಾಗಲೇ ಉತ್ತರವು ಹೊಳೆದು, ಪತ್ರವನ್ನು ಕಳುಹಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಇಂಗ್ಲಿಷಿನ ಅಂಜಿಕೆಯೂ ಇದರಲ್ಲಿಯೇ ಕರಗಿತು. ವಾಕ್ಯವು ಚಿಕ್ಕದಾಗಿ, ವಿಷಯವು ಸ್ಪಷ್ಟವಾಗಿದ್ದರೆ ವ್ಯಾಕರಣವನ್ನು ನೋಡಿ ನಗುವಷ್ಟು ಬಿಡುವು ಕೆಲಸದವರಿಗೆ ಇರುವುದಿಲ್ಲ.

ಮುಚ್ಚಿತೆಂದುಕೊಂಡಿದ್ದ ಇನ್ನೊಂದು ದಾರಿಯೂ ತೆರೆಯಿತು. ಲಿನಕ್ಸಿನ ಜನಕರಾದ ಲಿನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ರಚಿಸಿದರು. ದೇಶದೇಶಗಳಲ್ಲಿ ಚೆದುರಿ ಕುಳಿತು ಒಂದೇ ಪ್ರೋಗ್ರಾಮನ್ನು ತಿದ್ದುವವರಿಗಾಗಿ ಹುಟ್ಟಿದ ಸಾಧನವದು. ಯಾರು, ಯಾವ ದಿನ, ಯಾವ ಸಾಲನ್ನು ಬದಲಾಯಿಸಿದರೆಂಬುದೆಲ್ಲ ಅದರಲ್ಲಿ ಶಾನುಭೋಗರ ಕಡತದಂತೆ ಉಳಿದಿರುತ್ತದೆ. ಬದಲಾಯಿಸಿದವರು ಒಳ್ಳೆಯವರಾದರೆ ಏಕೆ ಬದಲಾಯಿಸಿದರೆಂಬುದನ್ನೂ ಬರೆದಿರುತ್ತಾರೆ. ಹುಡುಗಿಯು ಆ ಕಡತವನ್ನು ಹಿಂದಹಿಂದಕ್ಕೆ ಓದಿದಳು. ಐದು ವರ್ಷಗಳ ಹಿಂದೆ ಇಂದಿನ ಮಾರ್ಗದರ್ಶಿಯೂ ಇಂಥದೇ ತಪ್ಪನ್ನು ಮಾಡಿ, ಇನ್ನೊಬ್ಬರಿಂದ ತಿದ್ದಿಸಿಕೊಂಡದ್ದು ಕಣ್ಣಿಗೆ ಬಿತ್ತು. ಅಂದು ಅವಳಿಗೆ ಸಿಕ್ಕ ಸಮಾಧಾನ ಯಾವ ಉಪದೇಶದಿಂದಲೂ ಸಿಕ್ಕಿರಲಾರದು. ಮೇಸ್ತ್ರಿಯ ಬೈಗುಳ ಗಾಳಿಗೆ ಹೋಗುತ್ತದೆ. ಕೋಡ್ ರಿವ್ಯೂವಿನಲ್ಲಿ ಬರೆದ ತಿದ್ದುಪಡಿಯು ಉಳಿಯುತ್ತದೆ. ಅವಳದನ್ನು ನಾಳೆ ಬರುವ ಇನ್ನೊಬ್ಬ ಕಲಿಕೆಯವನೂ ಓದಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಪ್ರಸ್ತುತವಾಗಲಾರದು. ಮನೆಯಿಂದ ಕಲಿಸುತ್ತೇವೆಂದು ಹೇಳಿಕೊಂಡು, ವಿದ್ಯಾರ್ಥಿಗಳಿಂದಲೇ ಸಾವಿರಾರು ರೂಪಾಯಿಗಳನ್ನು ತೆಗೆದುಕೊಂಡು, ನಾಲ್ಕು ವಿಡಿಯೋಗಳನ್ನು ತೋರಿಸಿ ಸರ್ಟಿಫಿಕೇಟನ್ನು ಕೊಡುವ ಅಂಗಡಿಗಳೂ ಉಂಟು. ದ್ರೋಣನಾದರೂ ವಿದ್ಯೆ ಬಂದ ಮೇಲೆ ಹೆಬ್ಬೆರಳನ್ನು ಕೇಳಿದನು. ಇವರು ಗುರುದಕ್ಷಿಣೆಯನ್ನು ಮುಂಗಡವಾಗಿ ಕೇಳುವವರು. ಒಂದನ್ನು ಒಪ್ಪಿಕೊಳ್ಳುವ ಮುನ್ನ ತಂದೆತಾಯಿಗಳೂ ಮಕ್ಕಳೂ ಎರಡು ಪ್ರಶ್ನೆಗಳನ್ನು ಹಾಕಬೇಕು. ಹಣವು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ? ನಮ್ಮ ಮಗು ಮಾಡಿದ ಕೆಲಸವನ್ನು ಓದಿ ತಿದ್ದುವ ಮನುಷ್ಯರು ಯಾರು? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ, ಆ ಮಣ್ಣಿನ ಮೂರ್ತಿಯ ಹಿಂದೆ ಗುರುವೇ ಇಲ್ಲವೆಂದು ತಿಳಿಯಬೇಕು.

ಹತ್ತು ವಾರ ಮುಗಿಯಿತು. ವಿಜಯನಗರದ ಹುಡುಗಿಗೆ ಆ ಕಂಪನಿಯಲ್ಲಿ ಖಾಯಂ ಉದ್ಯೋಗವು ದೊರೆಯಲಿಲ್ಲ. ಆ ವರ್ಷ ಹೊಸಬರನ್ನು ತೆಗೆದುಕೊಳ್ಳುವುದಿಲ್ಲವೆಂದು ಸೌಜನ್ಯದಿಂದಲೇ ತಿಳಿಸಿದರು. ಮನೆಯಲ್ಲಿ ಎರಡು ದಿನ ಯಾರೂ ಆ ಮಾತನ್ನೆತ್ತಲಿಲ್ಲ. ಮೂರನೆಯ ದಿನ ಲ್ಯಾಪ್‌ಟಾಪನ್ನು ಹಿಂದಕ್ಕೆ ಕಳುಹಿಸಲು ಕಟ್ಟುತ್ತಿದ್ದಾಗ ತಾತನವರು ಬಂದು ಕುಳಿತು, ಕೊನೆಗೆ ಏನು ಕಲಿತೆಯೆಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ನನಗೆ ಗೊತ್ತಿಲ್ಲ ಅಂತ ಹೇಳೋದನ್ನ ಕಲಿತೆ, ತಾತ” ಎಂದಳು.

ಮುಂದಿನ ವಾರ ಅವಳು ಇನ್ನೊಂದು ಕಂಪನಿಗೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ಉತ್ತರವು ಹೊಳೆಯದಿದ್ದಾಗ, ಹಿಂದಿನಂತೆ ತಲೆ ತಗ್ಗಿಸದೆ, ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೀಗೆ ಹುಡುಕುವೆನು ಎಂದು ನೆಟ್ಟಗೆ ಹೇಳಿದಳು. ಅಲ್ಲಿಂದ ಇನ್ನೂ ಉತ್ತರ ಬರಬೇಕಾಗಿದೆ. ತಾತನವರು ಮಾತ್ರ ದಿನಕ್ಕೆರಡು ಸಲ, ಪತ್ರ ಬಂತೇನಮ್ಮ ಎಂದು ಕೇಳುತ್ತಿದ್ದಾರೆ. ಕೇಳುವುದರಲ್ಲಿ ಅವರಿಗೆ ಎಂದೂ ಸಂಕೋಚವಿರಲಿಲ್ಲ.