ಸ್ವಸಂತೋಷದಿಂದ

ನನ್ನ ಸಂಶೋಧನೆ ದಾನಶಾಸನಗಳ ಮೇಲೆ. ಒಂಬೈನೂರು ವರ್ಷಗಳ ಹಿಂದೆ ಯಾರೋ ಒಂದು ಗುಡಿಗೆ ಬಿಟ್ಟ ಗದ್ದೆಯ ಅಳತೆ ಎಷ್ಟು, ಮೂಡಣ ಎಲ್ಲೆ ಯಾವ ಹಳ್ಳ, ಸಾಕ್ಷಿ ಯಾರು ಎಂದು ಸವೆದ ಅಕ್ಷರಗಳನ್ನು ಬಿಡಿಸಿ ಓದುವುದು ನನ್ನ ಕೆಲಸ. ಇಂಥ ನಾನು 2022ರ ಒಂದು ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮನ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಅಮ್ಮ ಒಂದು ಪತ್ರದ ಪುಟಪುಟಕ್ಕೂ ಸಹಿ ಹಾಕಿದಳು, ಹೆಬ್ಬೆಟ್ಟು ಒತ್ತಿದಳು, ಕ್ಯಾಮೆರಾಗೆ ಮುಖ ಕೊಟ್ಟಳು. ಅಚ್ಚುಕಟ್ಟಾದ ಹೊಸಗನ್ನಡದಲ್ಲಿದ್ದ ಆ ಪತ್ರವನ್ನು ಅವಳೂ ಓದಲಿಲ್ಲ, ನಾನೂ ಓದಲಿಲ್ಲ.

ಅದು ಹಕ್ಕು ಬಿಡುಗಡೆ ಪತ್ರ. ತಾತ ತೀರಿಕೊಂಡು ಎರಡು ತಿಂಗಳಾಗಿತ್ತು. ಮಾವಂದಿರು ಕೆಟ್ಟವರಲ್ಲ. ಅಮ್ಮನನ್ನೂ ದೊಡ್ಡಮ್ಮನನ್ನೂ ಕರೆತರಲು ಕಾರು ಕಳಿಸಿದ್ದರು, ಮಧ್ಯಾಹ್ನ ಊಟ ಕೊಡಿಸಿದರು, ಹೊರಡುವಾಗ ಸೀರೆ ಕೊಟ್ಟು ಅರಿಶಿನ-ಕುಂಕುಮ ಇಟ್ಟು ಕಳಿಸಿದರು. ಆದರೆ ವಕೀಲರು ಮಾವಂದಿರ ಕಡೆಯವರು, ಪತ್ರ ಬರೆದವರು ಅವರ ಕಡೆಯವರು, ಸಾಕ್ಷಿಗಳೂ ಅವರ ಕಡೆಯವರೇ. ಅಧಿಕಾರಿ ಅಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಸಹಿ ನಿಮ್ದೇನಾಮ್ಮಾ?’ ಅರ್ಥವಾಯಿತೇ ಎಂದು ಯಾರೂ ಕೇಳಲಿಲ್ಲ.

ವರ್ಷದ ಮೇಲೆ ಅದರ ನಕಲು ತಂದು ಓದಿದೆ. ಆರು ಎಕರೆ ತೆಂಗಿನ ತೋಟ, ನಾಲ್ಕು ಮಕ್ಕಳು. ಅಮ್ಮ ಬಿಟ್ಟುಕೊಟ್ಟದ್ದು ಒಂದೂವರೆ ಎಕರೆ. ಪತ್ರದ ಕೊನೆಗೆ ‘ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ’ ಎಂದಿತ್ತು. ಒಂದೂವರೆ ಎಕರೆ ಎಂದು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟಿತ್ತಾ?’ ಎಂದಳು. ‘ಸ್ವಸಂತೋಷ’ ಎಂಬ ಪದದ ಮೇಲೆ ನನಗೆ ಸಿಟ್ಟು ಬಂದದ್ದು ಆಗ.

ಆ ಒಂದೂವರೆ ಎಕರೆಯ ಹಿಂದೆ ದೊಡ್ಡ ಚರಿತ್ರೆಯಿದೆ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ತತ್ವ ಮಿತಾಕ್ಷರದ್ದು. ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಸೆಮಿನಾರುಗಳಲ್ಲಿ ನಾವು ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಹಕ್ಕು ಗಂಡುಮಕ್ಕಳದ್ದಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದನ್ನು ಹಾಗೇ ಉಳಿಸಿತು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಅಮ್ಮನ ಮದುವೆ 1993ರಲ್ಲಿ. ಒಂದೇ ವರ್ಷದಲ್ಲಿ ತಪ್ಪಿದ್ದು 2005ರ ಕೇಂದ್ರದ ತಿದ್ದುಪಡಿಯಿಂದ ಮರಳಿ ಬಂತು. ಮಗಳ ಹಕ್ಕೂ ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಷ್ಟು ದೂರ ನಡೆದು ಬಂದ ಹಕ್ಕು ಒಂದು ಮಧ್ಯಾಹ್ನ, ಕಾಲು ಗಂಟೆಯಲ್ಲಿ ಮುಗಿಯಿತು.

‘ಅಕ್ಕತಂಗಿಯರು ಪ್ರೀತಿಯಿಂದ ಬಿಟ್ಟುಕೊಡುತ್ತಾರೆ, ತವರಿಗಿಂತ ತೋಟ ದೊಡ್ಡದೇ?’ ಎನ್ನುವವರಿದ್ದಾರೆ. ಬಿಟ್ಟುಕೊಡಲಿ, ಅದು ಅವರ ಇಷ್ಟ. ಆದರೆ ನಾನು ಓದಿದ ಶಾಸನಗಳಲ್ಲಿ ದಾನಿಗೆ ತಾನು ಕೊಟ್ಟದ್ದೆಷ್ಟು ಎಂದು ಗೊತ್ತಿರುತ್ತದೆ. ಅಳತೆ, ಎಲ್ಲೆ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ, ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರಲೆಂದು ಶಾಪವನ್ನೂ ಹಾಕಿಸುತ್ತಾನೆ. ಎಷ್ಟು ಕೊಟ್ಟೆನೆಂದು ಕೊಟ್ಟವಳಿಗೇ ತಿಳಿಯದಿದ್ದರೆ ಅದು ದಾನವಲ್ಲ, ಕಳೆದುಕೊಂಡದ್ದು.

‘ಮನೆಯೊಳಗೆ ವಕೀಲರು ಬಂದರೆ ಸಂಬಂಧ ಕೆಡುತ್ತದೆ’ ಎಂಬುದು ಇನ್ನೊಂದು ಮಾತು. ವಕೀಲರು ಆಗಲೇ ಬಂದಾಗಿದೆ. ಒಂದು ಕಡೆಗೆ ಮಾತ್ರ ಬಂದಿದ್ದಾರೆ, ಅಷ್ಟೇ.

ತಾತ ಉಯಿಲು ಬರೆದಿದ್ದರೆ? ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ. ತನ್ನ ಪಾಲಿನ ಮಟ್ಟಿಗೆ ಅಪ್ಪ ಉಯಿಲಿನಿಂದಲೂ ಮಗಳನ್ನು ಹೊರಗಿಡಬಹುದು, ನಿಜ. ಹಾಗೆ ಮಾಡಿದರೆ ಅಪ್ಪನೇ ತನ್ನ ಕೈಯಾರೆ ಬರೆದು ಆ ಹೊಣೆ ಹೊರಬೇಕಾಗುತ್ತದೆ. ಏನೂ ಬರೆಯದೆ ಹೋದಾಗ ಹೊಣೆಯೆಲ್ಲ ಮಗಳ ತಲೆಗೆ. ಸಹಿ ಹಾಕಿದರೆ ಪಾಲಿಲ್ಲ, ಹಾಕದಿದ್ದರೆ ತವರಿಲ್ಲ. ಆ ಇಕ್ಕಟ್ಟಿಗೆ ಸಿಕ್ಕಿದವಳ ಬಾಯಲ್ಲಿ ‘ಸ್ವಸಂತೋಷದಿಂದ’ ಎಂದು ಹೇಳಿಸುತ್ತೇವೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿವೆ, 15100 ಎಂಬ ಸಹಾಯವಾಣಿಯಿದೆ. ಆದರೆ ನೆರವನ್ನು ಹುಡುಕಿಕೊಂಡು ಹೋಗಲು ತನಗೆ ನೆರವು ಬೇಕೆಂದಾದರೂ ಗೊತ್ತಿರಬೇಕಲ್ಲ? ತವರಿನ ಕಾರಿನಲ್ಲಿ ಬಂದಿಳಿದವಳು ಕೋರ್ಟಿನ ಮೆಟ್ಟಿಲು ಯಾಕೆ ಹತ್ತುತ್ತಾಳೆ? ಹಕ್ಕು ಬಿಡುವವಳಿಗೆ ಅವಳದೇ ಕಡೆಯ ಒಬ್ಬ ವಕೀಲರು, ಬೇರೆ ಯಾರೂ ಇಲ್ಲದ ಕೋಣೆಯಲ್ಲಿ, ಪತ್ರ ಓದಿ ಪಾಲಿನ ಲೆಕ್ಕ ಹೇಳುವವರೆಗೂ ಆ ಪತ್ರ ನೋಂದಣಿಯಾಗಬಾರದು. ಆ ನೆರವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಸಿಗಬೇಕು.

ಸಾಹಿತ್ಯ ಓದುವ ಗೆಳೆಯರಿಗೂ ಒಂದು ಮಾತಿದೆ. ಪಠ್ಯದ ಮೌನಗಳನ್ನು ಓದಬೇಕೆಂದು ನಾವು ಪ್ರಬಂಧ ಮಂಡಿಸುತ್ತೇವೆ. ನಿಮ್ಮ ಮನೆಯ ಬೀರುವಿನಲ್ಲೂ ಅಂಥ ಒಂದು ಪಠ್ಯವಿರಬಹುದು. ಅಮ್ಮನ ಎದುರು ಕೂತು, ಚಕ್ಕುಬಂದಿಯೂ ಸೇರಿ, ಗಟ್ಟಿಯಾಗಿ ಓದಿ.

ಇದನ್ನು ಬರೆಯುತ್ತಿರುವ ನಾನು ಮಗ. ನನಗೊಬ್ಬಳು ತಂಗಿಯಿದ್ದಾಳೆ. ಮುಂದೊಂದು ದಿನ ಕಾರು ಕಳಿಸಬೇಕಾದವನು ನಾನೇ. ಹೋದ ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಉಯಿಲು ಬರೆಯಿರಿ, ಇಬ್ಬರಿಗೂ ಸಮ ಬರೆಯಿರಿ ಎಂದೆ. ‘ಹಬ್ಬದ ದಿನ ಎಂಥಾ ಮಾತು, ಬಿಡ್ತು ಅನ್ನು’ ಎಂದರು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು. ‘ಅನ್ನಬೇಡ,’ ಎಂದಳು.

ನಾನು ಅನ್ನಲಿಲ್ಲ.