ಹಾಲು ನೀಲಿಯಾದ ದಿನ

ಅಕ್ಕ-ತಂಗಿಯರೇ, ಈ ಸಲ ಅಡಿಗೆಯ ಮಾತಿಗಿಂತ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಾಲಿನ ಪರೀಕ್ಷೆ ಮಾಡಲು ಹೋಗಿ ಒಬ್ಬ ಬಡ ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದುಬಿಟ್ಟಿದ್ದೆ.

ನಮ್ಮ ಮನೆ ಇರುವುದು ಲಕಮನಹಳ್ಳಿಯಲ್ಲಿ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲೇ ಹಾಲು ಒಕ್ಕೂಟದ ಡೇರಿ ಇರುವುದರಿಂದ ಪಾಕೀಟಿನ ಹಾಲಿಗೇನೂ ಬರವಿಲ್ಲ. ಆದರೆ ನಮ್ಮ ಯಜಮಾನರಿಗೆ ಎಮ್ಮೆಯ ಹಾಲಿನ ಗಟ್ಟಿ ಮೊಸರೇ ಆಗಬೇಕು. ಅದಕ್ಕೆಂದು ಗೌಳೇರ ಹೆಣ್ಣುಮಗಳೊಬ್ಬಳಿಂದ ದಿನಾಲೂ ಒಂದು ಲೀಟರ್ ತೆಗೆದುಕೊಳ್ಳುತ್ತೇನೆ. ಒಮ್ಮೆ ಎರಡು ದಿನ ಹಾಲು ಪಾತ್ರೆಯ ತಳ ಹಿಡಿಯಿತು. ನನಗೆ ಸಂಶಯ ಬಂತು. ಹಾಲಿಗೆ ಹಿಟ್ಟು ಬೆರೆಸಿದ್ದರೆ ಅಯೋಡಿನ್ ಹಾಕಿದಾಗ ನೀಲಿಯಾಗುತ್ತದೆಂದು ಓದಿದ್ದೆ. ಸ್ವಲ್ಪ ಹಾಲು ಕುದಿಸಿ, ಆರಿಸಿ, ಸೌಟಿನಿಂದ ಬಟ್ಟಲಿಗೆ ಹಾಕಿ, ಮೇಲೆ ಮೂರು ಹನಿ ಟಿಂಕ್ಚರ್ ಅಯೋಡಿನ್ ಬಿಟ್ಟೆ. ನೋಡನೋಡುತ್ತಲೇ ನೀಲಿ!

ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ಆಕೆ ಗಾಬರಿಯಾಗಿ, "ನೀರ ಹಾಕಿ ಅಂದ್ರ ಒಂದ್ ಮಾತು ಅನ್ರಿ ಅಕ್ಕಾರ, ಹಿಟ್ಟ ನಾ ಎದಕ್ಕ ಹಾಕ್ಲಿ? ಹಿಟ್ಟಿನ ರೇಟ್ ಏನೈತಿ ನಿಮಗ ಗೊತ್ತಿಲ್ಲೇನು?" ಎಂದಳು. ನಾನು ಬಟ್ಟಲನ್ನೇ ಅವಳ ಮುಖಕ್ಕೆ ಹಿಡಿದೆ. ಎದುರುಮನೆಯವರೂ ಪಕ್ಕದವರೂ ನೋಡುತ್ತಿದ್ದರು. ಅಂದಿನಿಂದ ಅವರಿಬ್ಬರೂ ಆಕೆಯ ಹಾಲು ಬಿಟ್ಟರು. ವಿಜ್ಞಾನವೇ ನನ್ನ ಕಡೆಗಿದೆಯೆಂದು ನಾನು ಬೀಗಿದ್ದೇ ಬೀಗಿದ್ದು.

ನಾಲ್ಕು ದಿನ ಕಳೆದ ಮೇಲೆ ಬೆರಳು ಕೊಯ್ದುಕೊಂಡು ಅದೇ ಟಿಂಕ್ಚರ್ ಹಚ್ಚುವಾಗ ಒಂದು ಹನಿ ನನ್ನ ಸೆರಗಿನ ಮೇಲೆ ಬಿತ್ತು. ಕಂದು ಕಲೆಯಾಗಬೇಕಿತ್ತು, ಆದರೆ ಮಸಿ ಚೆಲ್ಲಿದಂತೆ ಕಪ್ಪುನೀಲಿ ಕಲೆಯಾಯಿತು. ಅದು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ. ನನ್ನ ಎದೆ ಧಸಕ್ಕೆಂದಿತು. ಹಾಲು ಪರೀಕ್ಷಿಸಿದ ದಿನವೇ ಸೀರೆಗಳಿಗೆ ಗಂಜಿ ಕಾಸಿದ್ದೆನಲ್ಲವೇ? ಗಂಜಿ ತಿರುವಿದ ಸೌಟನ್ನು ಬರೇ ನೀರಲ್ಲಿ ಅದ್ದಿ ಇಟ್ಟು, ಅದೇ ಸೌಟಿನಿಂದ ಹಾಲು ಬಡಿಸಿದ್ದೆ! ಬೇರೆ ಸೌಟನ್ನು ಚೆನ್ನಾಗಿ ತಿಕ್ಕಿ ತೊಳೆದು, ಡಬ್ಬಿಯಲ್ಲಿ ಉಳಿದಿದ್ದ ಆಕೆಯದೇ ಹಾಲಿನ ಖೋವಾ ಚೂರನ್ನು ನೀರಲ್ಲಿ ಕುದಿಸಿ, ಆರಿಸಿ ಹನಿ ಹಾಕಿದೆ. ಬರೀ ಕಂದು-ಹಳದಿ. ನೀಲಿಯ ಸುಳಿವೇ ಇಲ್ಲ.

ಈ ನೀಲಿ ಎಲ್ಲಿಂದ ಬರುತ್ತದೆ? ಅಯೋಡಿನ್ ಕಂದು, ಗಂಜಿ ಬಿಳಿ. ಇವೆರಡೂ ಸೇರಿದರೆ ನೀಲಿಯಾಗುವುದನ್ನು 1814ರಲ್ಲೇ ಫ್ರಾನ್ಸಿನವರು ಕಂಡಿದ್ದರು. ಇದರ ಗುಟ್ಟು ಅತಿಥಿ ಸತ್ಕಾರದಲ್ಲಿದೆ. ಅಕ್ಕಿ, ಗೋಧಿ, ಆಲೂಗಡ್ಡೆಗಳ ಪಿಷ್ಟದಲ್ಲಿ ಅಮೈಲೋಸ್ ಎಂಬುದೊಂದು ಭಾಗವಿದೆ. ಗ್ಲುಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅದು. ಈ ಸರ ಬೆರಳಿಗೆ ಸುತ್ತಿದ ದಾರದಂತೆ ಸುರುಳಿಯಾಗುತ್ತದೆ, ಒಂದೊಂದು ಸುತ್ತಿಗೆ ಸುಮಾರು ಆರು ಮಣಿ. ಸುರುಳಿಯ ಒಳಗೆ ಕೊಳವೆಯಂಥ ಟೊಳ್ಳು. ಅಯೋಡಿನ್ ಹೋಗಿ ಅಲ್ಲಿ ಸಾಲಾಗಿ ಕೂತುಬಿಡುತ್ತದೆ. ಹಾಗೆ ಸಾಲಾಗಿ ಕೂತಾಗ ಬೆಳಕನ್ನು ಹೀರುವ ರೀತಿಯೇ ಬದಲಾಗಿ, ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ.

ಇಲ್ಲಿ ಅತಿಥಿ ಅತಿಥಿಯಾಗಿಯೇ ಇರುತ್ತಾನೆ, ಮನೆಯವನಾಗುವುದಿಲ್ಲ. ಸುಣ್ಣ-ಅರಿಶಿನ ಸೇರಿ ಕೆಂಪಾಗುವಾಗ ಅರಿಶಿನದ ಅಣುವೇ ಬದಲಾಗುತ್ತದಲ್ಲ, ಇಲ್ಲಿ ಹಾಗಲ್ಲ. ನೀಲಿಯಾದ ಗಂಜಿಯನ್ನು ಬಿಸಿ ಮಾಡಿ ನೋಡಿರಿ, ಸುರುಳಿ ಸಡಿಲಾಗಿ ಅತಿಥಿ ಹೊರಬಿದ್ದು ನೀಲಿ ಮಾಯವಾಗುತ್ತದೆ. ಆರಲು ಬಿಟ್ಟರೆ ಮತ್ತೆ ಬರುತ್ತದೆ. (ಬಹಳ ಹೊತ್ತು ಕುದಿಸಿದರೆ ಅಯೋಡಿನ್ನೇ ಆವಿಯಾಗಿ ಹೋದೀತು, ಆಗ ಮರಳಿ ಬಾರದು.) ಹಾಲನ್ನು ಕುದಿಸಿ ಆರಿಸಿದ ಮೇಲೆಯೇ ಹನಿ ಹಾಕಬೇಕೆನ್ನುವುದು ಇದಕ್ಕಾಗಿಯೇ. ಕುದಿಸಿದರೆ ಹಿಟ್ಟು ಬೆಂದು ಅದರ ಅಮೈಲೋಸ್ ಹೊರಬರುತ್ತದೆ, ಆರಿದರೆ ಅತಿಥಿಗೆ ಜಾಗ ಸಿಗುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿರಿ. ಕೋಡುಬಳೆ ಮಾಡುವಾಗ ಹಿಟ್ಟನ್ನು ಹೊಸೆದು, ತುಂಡು ಮಾಡಿ, ಎರಡೂ ತುದಿ ಕೂಡಿಸುತ್ತೀರಲ್ಲ? ಕೆಲವು ಸೂಕ್ಷ್ಮಜೀವಿಗಳ ಕಿಣ್ವ ಪಿಷ್ಟದ ಸರವನ್ನು ಹಾಗೆಯೇ ಕತ್ತರಿಸಿ ಬಳೆ ಮಾಡುತ್ತದೆ. ಆರು, ಏಳು ಇಲ್ಲವೆ ಎಂಟು ಮಣಿಗಳ ಬಳೆ. ಇದಕ್ಕೆ ಸೈಕ್ಲೋಡೆಕ್ಸ್ಟ್ರಿನ್ ಎಂದು ಹೆಸರು. 1891ರಲ್ಲಿ ವಿಲಿಯರ್ಸ್ ಎಂಬ ಫ್ರೆಂಚ್ ವಿಜ್ಞಾನಿಗೆ ಇದು ಮೊದಲು ಸಿಕ್ಕಿತು. ಬಳೆಯ ಹೊರಮೈಗೆ ನೀರೆಂದರೆ ಪ್ರೀತಿ, ಒಳಗಿನ ಟೊಳ್ಳಿಗೆ ಎಣ್ಣೆಯ ಜಾತಿಯವೇ ಇಷ್ಟ. ಹೀಗಾಗಿ ನೀರಲ್ಲಿ ಕರಗದ ಔಷಧ ಈ ಬಳೆಯೊಳಗೆ ಕೂತು ನೀರಲ್ಲಿ ಕರಗುತ್ತದೆ. ಬಟ್ಟೆಯ ದುರ್ವಾಸನೆ ತೆಗೆಯುವ ಕೆಲವು ಸ್ಪ್ರೇಗಳಲ್ಲೂ ವಾಸನೆಯ ಅಣುಗಳನ್ನು ಹಿಡಿದುಕೊಳ್ಳುವುದು ಇದೇ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರು ಏಳು ಮಣಿಯ ಬಳೆಯಿಂದ ತುಪ್ಪದೊಳಗಿನ ಕೊಲೆಸ್ಟ್ರಾಲನ್ನು ಹಿಡಿದು ಹೊರತೆಗೆಯುವ ವಿಧಾನವನ್ನೇ ಮಾಡಿದ್ದಾರೆ. ಹಾಗೆಂದು ಹೋಳಿಗೆಯ ಮೇಲೆ ಸೌಟುಗಟ್ಟಲೆ ಸುರಿದುಕೊಳ್ಳಬೇಡಿರಿ, ತುಪ್ಪದ ಕೊಬ್ಬು ಇದ್ದಲ್ಲೇ ಇರುತ್ತದೆ! ಇಂಥ ಅತಿಥಿ-ಅತಿಥೇಯ ಅಣುಗಳ ಅಧ್ಯಯನಕ್ಕೆ 1987ರಲ್ಲಿ ಮೂವರಿಗೆ ನೊಬೆಲ್ ಬಹುಮಾನ ಬಂತು.

ಪರೀಕ್ಷೆಯನ್ನು ನೀವೂ ಮಾಡಬಹುದು, ಆದರೆ ನನ್ನ ಹಾಗೆ ಅಲ್ಲ. ಬಟ್ಟಲು, ಚಮಚ, ಸೌಟು ಎಲ್ಲವನ್ನೂ ತಿಕ್ಕಿ ತೊಳೆದು ಮೊದಲು ಬರೇ ನೀರಿಗೆ ಹನಿ ಹಾಕಿ ನೋಡಿರಿ. ನೀರೇ ನೀಲಿಯಾದರೆ ತಪ್ಪು ನಿಮ್ಮ ಪಾತ್ರೆಯದು. ಹಸುವಾಗಲಿ ಎಮ್ಮೆಯಾಗಲಿ ತಾನಾಗಿ ಹಾಲಿನಲ್ಲಿ ಪಿಷ್ಟ ಕೊಡುವುದಿಲ್ಲ, ಆದ್ದರಿಂದ ಶುದ್ಧ ಪಾತ್ರೆಯಲ್ಲಿ ನೀಲಿ ಬಂದರೆ ಸಂಶಯಕ್ಕೆ ಕಾರಣವುಂಟು. ನೀಲಿ ಬರಲಿಲ್ಲವೆಂದು ನೆಚ್ಚಿ ಕೂಡುವಂತೆಯೂ ಇಲ್ಲ. ನೀರು, ಸಕ್ಕರೆ ಬೆರೆಸಿದ್ದು ಇದರಲ್ಲಿ ಗೊತ್ತಾಗುವುದಿಲ್ಲ. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿರಿ, ಮಕ್ಕಳ ಕೈಗೆ ಸಿಗಬಾರದು.

ಹಾಲು ತಳ ಹಿಡಿದದ್ದೇಕೆಂದಿರಾ? ಪಾತ್ರೆಯ ತಳ ತೆಳ್ಳಗಾಗಿತ್ತು, ಅಷ್ಟೆ. ಹೊಸದು ತಂದೆ.

ಅಂದೇ ಸಂಜೆ ಆಕೆಯ ಮನೆ ಹುಡುಕಿಕೊಂಡು ಹೋದೆ. ಎಮ್ಮೆಗೆ ಮೇವು ಹಾಕುತ್ತಿದ್ದವಳು ನನ್ನನ್ನು ಕಂಡು ಏಳಲಿಲ್ಲ. ನಡೆದದ್ದೆಲ್ಲ ಹೇಳಿ, "ತಪ್ಪಾತವ್ವಾ" ಎಂದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಆ ಎರಡು ಮನಿಯವರಿಗೂ ಹೀಂಗ ಹೇಳ್ತೀರೇನ್ರಿ?" ಎಂದಳು. ಮರುದಿನ ಬಾಗಿಲಲ್ಲಿ ಸೆರಗಿನ ಕಲೆ ತೋರಿಸಿ ಇಬ್ಬರಿಗೂ ಹೇಳಿದೆ. ಒಬ್ಬರು ಮತ್ತೆ ಹಾಲು ಹಾಕಿಸಿಕೊಳ್ಳುತ್ತಿದ್ದಾರೆ. ಇನ್ನೊಬ್ಬರು ಪಾಕೀಟಿಗೇ ಹೊಂದಿಕೊಂಡಿದ್ದಾರೆ, ನಾನು ಇನ್ನೂ ಹೇಳುತ್ತಲೇ ಇದ್ದೇನೆ.

ಆಕೆ ಮಾತ್ರ ಮೊನ್ನೆ ನನ್ನಿಂದ ಆ ಟಿಂಕ್ಚರ್ ಬಾಟಲಿ ಕೇಳಿ ತೆಗೆದುಕೊಂಡು ಹೋದಳು. ಹೊಸ ಗಿರಾಕಿ ಹಾಲು ಹಾಕಿಸಿಕೊಳ್ಳುವಾಗ ಎದುರಿಗೇ ಹನಿ ಹಾಕಿ ತೋರಿಸುತ್ತಾಳಂತೆ. "ಬಟ್ಟಲಾ ಮೊದಲ ತೊಳಕೊಂಡ ಬರ್ರಿ" ಎಂದು ಹೇಳುವುದನ್ನು ಮರೆಯುವುದಿಲ್ಲವಂತೆ.