ಕೆರೆ ಮಗ್ಗುಲಿನ ಅಗ್ಗದ ಸೈಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮದುವೆಗಾದರೋ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಸೈಟಿನ ವಿಷಯ ಬಂದಾಗ ಮಾತ್ರ ಒಂದು ಭಾನುವಾರ ದಲ್ಲಾಳಿಯ ಕಾರಿನಲ್ಲಿ ಹೋಗಿ, ಸಂಜೆಯೊಳಗೆ ಮುಂಗಡ ಕೊಟ್ಟು ಬಂದುಬಿಡುತ್ತೇವೆ. ಎದುರಿಗೊಂದು ಕೆರೆ, ಮೇಲಿಂದ ತಂಗಾಳಿ, ಬೆಲೆಯೂ ನಗರದೊಳಗಿನದಕ್ಕಿಂತ ಬಹಳ ಕಡಿಮೆ ಎಂದರಂತೂ ಕೇಳುವುದೇ ಬೇಡ.

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಪಿಯುಸಿ ಮುಗಿಸುವ ಹೊತ್ತಿಗೆ ಈ ಲೆಕ್ಕ ಶುರುವಾಗುತ್ತದೆ. ನಾಲ್ಕು ವರ್ಷ ಹಾಸ್ಟೆಲಿಗೆ, ಬಾಡಿಗೆಗೆ ಸುರಿಯುವ ಹಣಕ್ಕೆ ಇನ್ನಷ್ಟು ಸೇರಿಸಿ ಬೆಂಗಳೂರಿನ ಹೊರವಲಯದಲ್ಲೊಂದು ಸೈಟು ಹಿಡಿದರೆ ಹೇಗೆ? ಯೋಚನೆ ತಪ್ಪಲ್ಲ. ಆದರೆ ಈ ಹಣ ಹೊಗೆಸೊಪ್ಪಿನಿಂದಲೋ, ತೆಂಗಿನಿಂದಲೋ, ಆಲೂಗಡ್ಡೆಯಿಂದಲೋ ವರ್ಷ ವರ್ಷ ಕೂಡಿಟ್ಟದ್ದು. ಒಮ್ಮೆ ಹೋದರೆ ಮಕ್ಕಳ ಓದೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಕೆರೆಯ ಪಕ್ಕದ ಸೈಟು ಅಗ್ಗವಾಗಿ ಸಿಕ್ಕಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಅಗ್ಗವೇಕೆ?

ನೀರಿಗೂ ಒಂದು ಜಾಗವಿದೆ

ನೀರು ತನ್ನ ಜಾಗ ಮರೆಯುವುದಿಲ್ಲ ಎಂಬುದನ್ನು ರಾಮನಾಥಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಹ್ನಿ ಪುಷ್ಕರಣಿಯಲ್ಲಿ ಮೀನುಗಳಿಗೆ ಪುರಿ ಹಾಕುವಾಗ ಅಷ್ಟು ಸೌಮ್ಯವಾಗಿ ಕಾಣುವ ಕಾವೇರಿ, 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಡಗಿನ ಮಳೆಗೆ ಉಕ್ಕಿ ಹೊಳೆಬದಿಯ ಮನೆಗಳೊಳಗೆ ನುಗ್ಗಿದ್ದನ್ನು ಊರೇ ಕಂಡಿದೆ. ಹೊಳೆಯಾದರೆ ಹರಿಯುವುದು ಕಣ್ಣಿಗೆ ಕಾಣುತ್ತದೆ, ನಾವು ಎಚ್ಚರವಾಗಿರುತ್ತೇವೆ. ಕೆರೆ ಹಾಗಲ್ಲ. ಅದು ಸುಮ್ಮನೆ ನಿಂತ ನೀರು ಎಂದು ನಂಬಿ ಮೋಸಹೋಗುತ್ತೇವೆ.

ನಮ್ಮ ಕಡೆಯ ಕೆರೆ ತಾನಾಗಿ ಆದ ಗುಂಡಿಯಲ್ಲ. ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದ್ದು. ಮೇಲಿನಿಂದ ಕಾಲುವೆಯಲ್ಲಿ ನೀರು ಬರುತ್ತದೆ, ತೂಬಿನಲ್ಲಿ ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ, ಹೆಚ್ಚಾದದ್ದು ಕೋಡಿ ಬಿದ್ದು ಮುಂದಿನ ಕೆರೆಗೆ ಹರಿಯುತ್ತದೆ. ಹಳ್ಳಿಯ ಹುಡುಗರಿಗೆ ಇದು ಗೊತ್ತಿರುವ ಸಂಗತಿಯೇ. ದೊಡ್ಡ ಹೊಳೆಯಿಲ್ಲದ ಬೆಂಗಳೂರು ಬೆಳೆದದ್ದೂ ಹೀಗೆ ಸರಪಳಿಯಂತೆ ಒಂದಕ್ಕೊಂದು ಸೇರಿದ ಕೆರೆಗಳ ಮೇಲೆ. ಊರು ಬೆಳೆದಂತೆ ಕೆರೆಗಳು ಕರಗಿದವು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಹಾಗಾಗಿ ಕೆರೆಯ ಸುತ್ತಮುತ್ತ ಮನೆಗೆ ಸಲ್ಲದ ಜಾಗಗಳು ಮೂರು. ಒಂದು, ನಾಲ್ಕು ವರ್ಷ ಮಳೆ ಕೈಕೊಟ್ಟಾಗ ಬಯಲಿನಂತೆ ಕಾಣುವ ಕೆರೆಯಂಗಳ. ಎರಡು, ಕೋಡಿಯ ಕೆಳಗಿನ ಹಾದಿ. ಮೂರು, ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಯ ಅಂಚು. ಏರಿಯ ಕೆಳಗಿನ ಹಳೆಯ ಗದ್ದೆಬಯಲೂ ತಗ್ಗೇ. ಮಣ್ಣು ತುಂಬಿ ಎತ್ತರಿಸಿದರೆ ನೀರು ಪಕ್ಕದವರ ಮನೆಗೆ ಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಊರಿನ ಹೆಸರುಗಳೇ ಎಷ್ಟೋ ವೇಳೆ ಇದನ್ನು ಹೇಳುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರಗಳ ‘ಸಂದ್ರ’ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಮಡಿವಾಳ ಕೆರೆಯ ಬಳಿ ಕೋಡಿಚಿಕ್ಕನಹಳ್ಳಿ ಎಂಬ ಊರಿದೆ. 2016ರ ಜುಲೈ ಕೊನೆಯಲ್ಲಿ ಅಲ್ಲಿನ ಬೀದಿಗಳಲ್ಲಿ ನೀರು ನಿಂತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ರಸ್ತೆಯಲ್ಲೇ ಮೀನು ಹಿಡಿದವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಹೆಸರಿನಲ್ಲೇ ಕೋಡಿ ಇತ್ತು, ಓದಿದವರು ಕಡಿಮೆ. ಬಡವರ ಬಡಾವಣೆಗೆ ಮಾತ್ರ ಹೀಗಾಗುತ್ತದೆ ಎಂದೂ ತಿಳಿಯಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರೂ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು.

ಪತ್ರವಿದ್ದರೂ ಮನೆ ಉಳಿಯಲಿಲ್ಲ

ನೀರು ನುಗ್ಗಿದ ಮನೆಯನ್ನು ಗುಡಿಸಿ ಸಾರಿಸಿ ಮತ್ತೆ ಸೇರಬಹುದು. ಕಾನೂನು ನುಗ್ಗಿದರೆ ಮನೆಯೇ ಇರುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಕೆರೆ ಜಾಗದಲ್ಲಿದ್ದ ಮನೆಗಳು ನೆಲಕ್ಕುರುಳಿದವು. ಮರುವರ್ಷದ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರ ಮತ್ತಿತರ ಕಡೆ ರಾಜಕಾಲುವೆಯ ಮೇಲಿನ ಮನೆಗಳ ಸರದಿ. ಹೀಗೆ ಮನೆ ಕಳೆದುಕೊಂಡವರಲ್ಲಿ ನೋಂದಣಿಯಾದ ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ ಹಿಡಿದು ನಿಂತವರೂ ಇದ್ದರು. ಮನೆ ಬಿದ್ದರೂ ಬ್ಯಾಂಕಿನ ಸಾಲ ಬೀಳಲಿಲ್ಲ. ಕಂತು ಕಟ್ಟಲೇಬೇಕು.

ಇಷ್ಟೆಲ್ಲ ಪತ್ರವಿದ್ದೂ ಹೀಗಾದದ್ದು ಹೇಗೆ? ಸಬ್‌ರಿಜಿಸ್ಟ್ರಾರ್ ಕಚೇರಿ ನೋಂದಾಯಿಸುವುದು ಇಬ್ಬರ ನಡುವಿನ ವ್ಯವಹಾರವನ್ನು. ಮಾರುವವನಿಗೆ ಆ ನೆಲದ ಹಕ್ಕಿದೆ ಎಂದು ಅದು ಭರವಸೆ ಕೊಡುವುದಿಲ್ಲ. ಖಾತೆಯೂ ತೆರಿಗೆಯ ಲೆಕ್ಕಕ್ಕಾಗಿ ಇರುವಂಥದು. ಸರ್ಕಾರಿ ಕೆರೆಯ ಜಾಗವನ್ನು ಯಾರು ಎಷ್ಟು ಸಲ ಮಾರಿದರೂ, ಕೊಂಡರೂ ಅದು ಕೆರೆಯ ಜಾಗವೇ.

ಈ ವಿಷಯದಲ್ಲಿ ಅರಕಲಗೂಡಿನವರಿಗೆ ಒಂದು ನಂಟೂ ಇದೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿಯನ್ನು ಕೆದಕಿ 2007ರಲ್ಲಿ ವರದಿ ಕೊಟ್ಟ ವಿಧಾನಮಂಡಲದ ಜಂಟಿ ಸದನ ಸಮಿತಿಗೆ ಅಧ್ಯಕ್ಷರಾಗಿದ್ದವರು ಆಗಿನ ಅರಕಲಗೂಡು ಶಾಸಕ ಎ.ಟಿ. ರಾಮಸ್ವಾಮಿ. ಕೆರೆ, ಗೋಮಾಳ, ಕಾಲುವೆಗಳನ್ನು ನುಂಗಿದವರ ಪಟ್ಟಿ ಎಷ್ಟು ಉದ್ದವಿದೆ ಎಂಬುದು ರಾಜ್ಯಕ್ಕೆ ತಿಳಿದದ್ದು ಅಲ್ಲಿಂದ. ನುಂಗಿ ಮಾರಿದವರು ಹಣ ಎಣಿಸಿಕೊಂಡು ಹೋಗುತ್ತಾರೆ, ಜೆಸಿಬಿ ಬಂದಾಗ ಎದುರಿಗೆ ಇರುವವರು ಕೊನೆಗೆ ಕೊಂಡವರು.

ಮಕ್ಕಳೂ ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳೇ, ಅಪ್ಪ ಅಮ್ಮನಿಗೆ ನೀವು ನೆರವಾಗಬೇಕಾದದ್ದು ಇಲ್ಲಿ. ಸೈಟಿನ ಸರ್ವೆ ನಂಬರು ಕೇಳಿ ಪಡೆಯಿರಿ. ಸೈಟ್ ನಂಬರು ಹೇಳಿ ಸರ್ವೆ ನಂಬರು ಹೇಳಲೊಲ್ಲದ ದಲ್ಲಾಳಿಗೆ ಅಲ್ಲಿಯೇ ನಮಸ್ಕಾರ ಹೇಳಿ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ಮೊಬೈಲಿನಲ್ಲಿದ್ದರೆ, ನೀವು ನಿಂತ ನೆಲದ ಸರ್ವೆ ನಂಬರು ಅದರಲ್ಲಿ ಕಾಣುತ್ತದೆ. ಹೇಳಿದ್ದೂ ಕಂಡದ್ದೂ ಒಂದೇ ಆಗಿದೆಯೇ ನೋಡಿ. ಹಳೆಯ ಗ್ರಾಮ ನಕ್ಷೆ ತೆಗೆಸಿ, ಕೆರೆ ಎಲ್ಲಿಯವರೆಗಿತ್ತು, ಹಳ್ಳ ಕಾಲುವೆಗಳು ಎಲ್ಲಿ ಹಾದಿದ್ದವು ಎಂದು ಬೆರಳಿಟ್ಟು ಹುಡುಕಿ. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅದು ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಉಪಯೋಗದ ನೆಲ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಉಳಿದ ಕಾಗದಗಳನ್ನು ಹಿರಿಯರು ನೋಡಲಿ. ಮೂಲಪತ್ರದಿಂದ ಇಲ್ಲಿಯವರೆಗಿನ ಕ್ರಯಪತ್ರಗಳ ಸರಣಿ, ಕೃಷಿ ಭೂಮಿಯನ್ನು ವಾಸಕ್ಕೆ ಪರಿವರ್ತಿಸಿದ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಋಣಭಾರ ಪತ್ರ. ಐನೂರು ಚದರ ಮೀಟರಿಗಿಂತ ದೊಡ್ಡ ಹೊಸ ಬಡಾವಣೆಯಾದರೆ ರೇರಾದಲ್ಲಿ ನೋಂದಣಿಯಾಗಿರಬೇಕು. ಇವನ್ನೆಲ್ಲ ನಿಮ್ಮ ಖರ್ಚಿನಲ್ಲಿ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಕರೆತಂದ ವಕೀಲರಿಗಲ್ಲ. ಕೆರೆಯಿಂದ ಎಷ್ಟು ದೂರ ಬಿಡಬೇಕೆಂಬ ನಿಯಮ ಬದಲಾಗುತ್ತಲೇ ಬಂದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೊಳ್ಳುವ ದಿನ ಜಾರಿಯಲ್ಲಿರುವ ಅಳತೆ ಏನೆಂದು ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ. ಆದರೆ ನೀರು ಆದೇಶ ಓದುವುದಿಲ್ಲ ಎಂಬುದೂ ನೆನಪಿರಲಿ.

ಕೊಳ್ಳುವ ಮುಂಚೆ ಒಂದು ಮಳೆಗಾಲ

ಇಷ್ಟು ಓದಿ ಕೆರೆಯ ಸಹವಾಸವೇ ಬೇಡ ಎನ್ನಬೇಡಿ. ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಕೆರೆಗಳನ್ನು ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡಿದ್ದಾರೆ. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರು ಜೊಂಡಿನ ನಡುವೆ ಹಾಯ್ದು ಸೇರುತ್ತದೆ. ಜೀವಂತ ಕೆರೆಯ ಹತ್ತಿರ, ದಿಣ್ಣೆಯ ಮೇಲೆ, ಸರಿಯಾದ ಪತ್ರವಿರುವ ಮನೆ ಸಿಕ್ಕರೆ ಅದು ಭಾಗ್ಯವೇ. ಕೊಳಚೆ ಸೇರಿದ ಕೆರೆಯಾದರೆ ವಾಸನೆ, ಸೊಳ್ಳೆಗಳ ಜೊತೆ ಸಂಸಾರ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2017ರಲ್ಲಿ ಆ ಕೆರೆಯಲ್ಲಿ ಬೆಂಕಿ ಎದ್ದದ್ದನ್ನೂ ದೇಶವೇ ನೋಡಿತು.

ಯಾವ ಕೆರೆ ಎಂಥದು ಎಂದು ತಿಳಿಯಲು ಅಗ್ಗದ ದಾರಿಯೊಂದಿದೆ. ಓದುವ ಮಗಳಿಗೋ ಮಗನಿಗೋ ಹೇಗೂ ಒಂದು ಕೋಣೆ ಬೇಕು. ನೀವು ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಒಂದು ವರ್ಷ ಬಾಡಿಗೆಗೆ ಹಿಡಿಯಿರಿ. ಕಾಲೇಜಿನ ಹೊತ್ತಿಗೆ ಬಸ್ಸು ಸಿಗುತ್ತದೆಯೇ, ರಾತ್ರಿ ಹೆಣ್ಣುಮಕ್ಕಳು ನಡೆದು ಬರುವಷ್ಟು ಬೀದಿದೀಪವಿದೆಯೇ, ಏಪ್ರಿಲ್‌ನಲ್ಲಿ ನಲ್ಲಿ ನೀರು ಬರುತ್ತದೆಯೋ ಟ್ಯಾಂಕರಿಗೆ ದುಡ್ಡು ಸುರಿಯಬೇಕೋ, ಎಲ್ಲವೂ ತಿಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ದೊಡ್ಡ ಮಳೆ ಬಂದ ಮರುದಿನ ಬೆಳಿಗ್ಗೆ ಆ ಸೈಟಿನ ಹತ್ತಿರ ಹೋಗಿ ನಿಲ್ಲಲಿ. ಅಲ್ಲಿನ ಹಳೆಯ ಹಳ್ಳಿಯ ಅಜ್ಜಂದಿರನ್ನು ‘ಇಲ್ಲಿ ಮುಂಚೆ ಏನು ಬೆಳೀತಿದ್ರಿ, ಕೋಡಿ ಯಾವ ಕಡೆ ಬೀಳ್ತಿತ್ತು?’ ಎಂದು ಕೇಳಲಿ. ರಾಗಿ, ಹುರುಳಿ ಎಂದರೆ ಮುಂದಿನ ಮಾತು. ಭತ್ತ ಎಂದರೆ ಇನ್ನೊಮ್ಮೆ ಯೋಚನೆ.

‘ಈ ವಾರ ಬಿಟ್ಟರೆ ಕೈತಪ್ಪುತ್ತೆ ಸಾರ್’ ಎಂದು ದಲ್ಲಾಳಿ ಅವಸರ ಮಾಡುತ್ತಾನೆ. ತಪ್ಪಿದರೆ ತಪ್ಪಲಿ. ಒಂದು ಮಳೆಗಾಲ ಕಾಯಲಾರದ ಸೈಟು, ಮಕ್ಕಳ ಕಾಲಕ್ಕೆ ಉಳಿಯುತ್ತದೆ ಎಂಬ ನಂಬಿಕೆ ಏನು?